ಬೆಟ್ಟವಿಲ್ಲದ ಊರಿನವನ ಇಳಿಜಾರು

ಮೊದಲ ದಿನ, ಮೊದಲ ಬೆಟ್ಟದ ಮೊದಲ ದಾರಿಯಲ್ಲೇ ನಾನು 26 ಸಲ ಬಿದ್ದೆ. ಬಂಡೆಗೆ ಗುದ್ದಿ ಬಿದ್ದೆ, ಪೈನ್ ಮರಕ್ಕೆ ತಲೆ ಕೊಟ್ಟೆ, ಹಳ್ಳ ಹಾರಲು ಹೋಗಿ ಹಳ್ಳದೊಳಗೇ ಇಳಿದೆ, ಒಂದು ಸಲವಂತೂ ಏನೂ ಇಲ್ಲದ ಬಯಲಿನಲ್ಲಿ ಸುಮ್ಮನೆ ಹ್ಯಾಂಡಲ್ ತಿರುಗಿಸಿ ಮಗುಚಿಕೊಂಡೆ. ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದರೆ, ದಾರಿ ಮುಗಿದ ಮೇಲೆ ಗೇಮ್ ತಾನೇ ತೋರಿಸುತ್ತದೆ: ತೆಗೆದುಕೊಂಡ ಸಮಯ ಎಷ್ಟು, ಬಿದ್ದದ್ದು ಎಷ್ಟು ಸಲ. ಮಾರ್ಕ್ಸ್‌ಕಾರ್ಡ್ ಹಾಗೆ.

ಗೇಮಿನ ಹೆಸರು ‘ಲೋನ್ಲಿ ಮೌಂಟೇನ್ಸ್: ಡೌನ್‌ಹಿಲ್’. ಬರ್ಲಿನ್‌ನ ಮೆಗಾಗಾನ್ ಇಂಡಸ್ಟ್ರೀಸ್ ಎಂಬ ಸಣ್ಣ ತಂಡ ಮಾಡಿದ್ದು, 2019ರ ಅಕ್ಟೋಬರ್‌ನಲ್ಲಿ ಬಂದದ್ದು. ಕತೆ ಇಲ್ಲ, ಗನ್ ಇಲ್ಲ, ಶತ್ರುಗಳಿಲ್ಲ. ಒಬ್ಬ ಮನುಷ್ಯ, ಒಂದು ಸೈಕಲ್, ಒಂದು ಬೆಟ್ಟ. ಮೇಲಿಂದ ಕೆಳಗೆ ಬರಬೇಕು, ಅಷ್ಟೇ. ಹಿನ್ನೆಲೆ ಸಂಗೀತವೂ ಇಲ್ಲ. ಹಕ್ಕಿ ಕೂಗುವುದು, ನೀರು ಹರಿಯುವುದು, ಟಯರ್ ಕೆಳಗೆ ಜಲ್ಲಿ ಕರಕರ ಎನ್ನುವುದು, ಇಷ್ಟೇ ಕೇಳಿಸುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಗ್ರಾಫಿಕ್ಸ್ ಕಾರ್ಡ್ ಎಂಬುದೇ ಇಲ್ಲ. ಆದರೂ ಓಡುತ್ತದೆ, ಏಕೆಂದರೆ ಇದರ ಮರ, ಬಂಡೆ, ಗುಡ್ಡವೆಲ್ಲ ಕಾಗದ ಮಡಚಿ ಮಾಡಿದ ಹಾಗೆ ಚಪ್ಪಟೆ ಮುಖಗಳವು.

ಇದು ನನಗೆ ಯಾಕೆ ಇಷ್ಟು ಹಿಡಿಸಿತು ಎಂದು ಯೋಚಿಸಿದರೆ ನನ್ನ ಊರೇ ಕಾರಣ ಅನ್ನಿಸುತ್ತದೆ. ನಮ್ಮದು ತಿ. ನರಸೀಪುರ. ಕಪಿಲೆ ಬಂದು ಕಾವೇರಿ ಸೇರುವ ಜಾಗ. ನದಿಗಳೇ ಇಲ್ಲಿ ಅವಸರವಿಲ್ಲದೆ ಬರುತ್ತವೆ ಎಂದ ಮೇಲೆ ನೆಲ ಹೇಗಿರುತ್ತದೆ ಊಹಿಸಿ. ಭತ್ತದ ಗದ್ದೆ, ನಾಲೆ, ತೆಂಗಿನ ತೋಟ. ಬೆಟ್ಟ ಅಂದರೆ ಮುಡುಕುತೊರೆಯ ಗುಡ್ಡ, ಇಲ್ಲವೇ ಮೈಸೂರಿಗೆ ಹೋದಾಗ ಕಾಣುವ ಚಾಮುಂಡಿ. ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಾಗ ನಮಗೆ ಇದ್ದ ಇಳಿಜಾರು ಒಂದೇ, ನಾಲೆ ಏರಿ. ಅದರ ಮೇಲೆ ಸೈಕಲ್ ತಳ್ಳಿಕೊಂಡು ಹತ್ತಿ, ಪೆಡಲ್ ಮೇಲಿಂದ ಕಾಲು ತೆಗೆದು ಕೆಳಕ್ಕೆ ಬಿಡುವುದು. ನಾಲ್ಕು ಸೆಕೆಂಡಿನ ಸುಖ. ಕೆಳಗೆ ಗದ್ದೆ ಕೆಸರು.

ಗೇಮ್ ಪರಿಚಯಿಸಿದವನು ನನ್ನ ಕ್ಲಾಸ್‌ಮೇಟ್, ನಂಜನಗೂಡಿನವನು. ಇಬ್ಬರದೂ ಮೈಸೂರಿನಲ್ಲಿ ಒಂದೇ ಕಾಲೇಜು, ಮೆಕ್ಯಾನಿಕಲ್. ಅವನು ಊರಿಂದ ದಿನಾ ರೈಲಿಗೆ ಬರುತ್ತಾನೆ, ನಾನು ಬಸ್ಸಿಗೆ. ‘ನಿಮ್ಮೂರಿನ ನದಿ ನಮ್ಮೂರಿಗೆ ಬಂದು ಮುಗಿದುಹೋಗುತ್ತೆ’ ಎಂದು ನಾನು ರೇಗಿಸುತ್ತೇನೆ, ‘ಬಾಳೆಹಣ್ಣು ಅಂದ್ರೆ ನಂಜನಗೂಡು, ನಿಮ್ಮೂರಲ್ಲಿ ಏನೈತೆ?’ ಎಂದು ಅವನು. ಹೀಗಿದ್ದವರಿಗೆ ಗೇಮ್ ಒಂದು ಹೊಸ ಕುಸ್ತಿ ಅಖಾಡ ಕೊಟ್ಟಿತು. ಪ್ರತಿ ದಾರಿಗೂ ಸಮಯದ ಪಟ್ಟಿ ಇರುತ್ತದೆ. ಅವನು ರಾತ್ರಿ ಹನ್ನೊಂದಕ್ಕೆ ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ನನಗಿಂತ ಎರಡು ಸೆಕೆಂಡ್ ಕಡಿಮೆ. ಆಮೇಲೆ ನಿದ್ದೆ ಎಲ್ಲಿ ಬರುತ್ತದೆ?

ಮೊದಲ ಸಲ ಒಂದು ದಾರಿಯಲ್ಲಿ ಇಳಿಯುವಾಗ ಗೇಮ್ ಏನನ್ನೂ ಕೇಳುವುದಿಲ್ಲ. ಬೇಕಾದಷ್ಟು ಹೊತ್ತು ತೆಗೆದುಕೋ, ಬೇಕಾದಷ್ಟು ಸಲ ಬೀಳು. ಬಿದ್ದ ಕ್ಷಣವೇ ಹಿಂದಿನ ಚೆಕ್‌ಪಾಯಿಂಟ್‌ನಲ್ಲಿ ಎದ್ದು ನಿಂತಿರುತ್ತೀಯ. ಲೋಡಿಂಗ್ ಎಂದು ಕಾಯಿಸುವುದೂ ಇಲ್ಲ. ಎರಡನೇ ಸಲದಿಂದ ಷರತ್ತು ಶುರು: ಇಷ್ಟು ನಿಮಿಷದೊಳಗೆ ಇಳಿ, ಇಷ್ಟಕ್ಕಿಂತ ಹೆಚ್ಚು ಬೀಳಬೇಡ. ಅದನ್ನು ಗೆದ್ದರೆ ಇನ್ನೂ ಬಿಗಿ. ಕೊನೆಯ ಹಂತಕ್ಕೆ ಬಂದರೆ ಚೆಕ್‌ಪಾಯಿಂಟೇ ಇಲ್ಲ, ಬಿದ್ದರೆ ಮತ್ತೆ ಬೆಟ್ಟದ ತುದಿಯಿಂದ. ಬೆಟ್ಟ ಮಾತ್ರ ಅದೇ. ಅದೇ ಮರ, ಅದೇ ಬಂಡೆ. ಮೊದಲ ದಿನ ದಾರಿಯೇ ಅಲ್ಲ ಎಂದುಕೊಂಡಿದ್ದ ಒಂದು ಬಂಡೆಯ ಅಂಚು, ಹತ್ತನೇ ದಿನ ಆರು ಸೆಕೆಂಡ್ ಉಳಿಸುವ ಅಡ್ಡದಾರಿಯಾಗಿ ಕಾಣತೊಡಗುತ್ತದೆ. ‘ಡಿಸೆಂಡರ್ಸ್’ ಅಂತ ಇನ್ನೊಂದು ಗೇಮ್ ಇದೆ, ಡಚ್ಚರು ಮಾಡಿದ್ದು. ಅದರಲ್ಲಿ ಪ್ರತಿ ಸಲವೂ ಹೊಸ ಬೆಟ್ಟವನ್ನು ಕಂಪ್ಯೂಟರೇ ಹುಟ್ಟಿಸುತ್ತದೆ. ಅದೂ ಮಜಾ. ಆದರೆ ನನಗೆ ಅದೇ ಬೆಟ್ಟಕ್ಕೆ ವಾಪಸ್ ಹೋಗುವುದೇ ಇಷ್ಟ. ನಮ್ಮ ಓಣಿಯ ಗುಂಡಿಗಳ ಹಾಗೆ ಅದರ ಗುಂಡಿಗಳೂ ಬಾಯಿಪಾಠವಾಗಿವೆ.

ಮೊದಮೊದಲು ಇದೆಲ್ಲ ಗೇಮ್‌ನವರ ಕಲ್ಪನೆ ಎಂದುಕೊಂಡಿದ್ದೆ. ಹುಡುಕಿ ಓದಿದಾಗ ಗೊತ್ತಾಯಿತು, ಈ ಹುಚ್ಚಿಗೆ ಚರಿತ್ರೆಯೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಾಲ್ಪೈಸ್ ಎಂಬ ಬೆಟ್ಟದ ಬಳಿ 1976ರಲ್ಲಿ ಕೆಲವು ಹುಡುಗರು ಹಳೇ ದಪ್ಪ ಟಯರಿನ ಸೈಕಲ್ಲುಗಳನ್ನು ತೆಗೆದುಕೊಂಡು ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯ ಶುರು ಮಾಡಿದರು. ಸುಮಾರು ಮೂರು ಕಿಲೋಮೀಟರ್ ದಾರಿ, 1,300 ಅಡಿ ಇಳಿತ. ಗ್ಯಾರಿ ಫಿಶರ್ ಎಂಬಾತ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ದಾಖಲೆ. ಆ ಸೈಕಲ್ಲುಗಳಿಗೆ ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ಹಬ್ ಒಳಗೆ, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕು. ಹಾಗಾಗಿ ಆ ಪಂದ್ಯದ ಹೆಸರೇ ‘ರೀಪ್ಯಾಕ್’ ಆಯಿತು. ಮೌಂಟನ್ ಬೈಕ್ ಎಂಬ ಸೈಕಲ್ ಹುಟ್ಟಿದ್ದೇ ಈ ಹುಡುಗರ ಗ್ಯಾರೇಜುಗಳಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಮೌಂಟನ್ ಬೈಕಿಂಗ್ ಇದೆ, ಆದರೆ ಅದು ಹತ್ತಿ ಇಳಿಯುವ ಕ್ರಾಸ್‌ಕಂಟ್ರಿ. ಬರೀ ಇಳಿಯುವುದನ್ನು ಒಲಿಂಪಿಕ್ಸ್ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ.

ಆ ಗ್ರೀಸ್ ಹೊಗೆಯ ಸಂಗತಿ ಓದಿದಾಗ ನನಗೆ ಅದು ಬರೀ ತಮಾಷೆಯಾಗಿತ್ತು.

ಇನ್ನು ಮನೆಯ ವಿಷಯ. ಮೂರನೇ ಸೆಮಿಸ್ಟರ್‌ನ ಗಣಿತ ನನಗೆ ಬ್ಯಾಕ್ ಆಗಿತ್ತು. ಎರಡನೇ ಸಲ ಬರೆದಾಗಲೂ ಹೋಯಿತು. ಪರೀಕ್ಷೆಗೆ ಮುಂಚಿನ ರಜೆಗೆ ಊರಿಗೆ ಬಂದವನು ಓದಬೇಕಿತ್ತು. ಓದುತ್ತಲೂ ಇದ್ದೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪನ್ನು ಹಾಲ್‌ನಲ್ಲಿದ್ದ ಟಿವಿಗೆ ಕೇಬಲ್ ಹಾಕಿ, ಸೌಂಡ್ ಕಡಿಮೆ ಮಾಡಿ ಆಡುತ್ತಿದ್ದೆ. ದೊಡ್ಡ ಪರದೆಯಲ್ಲಿ ಬೆಟ್ಟ ನೋಡುವ ಆಸೆ.

ಅಪ್ಪ ಲಾರಿ ಡ್ರೈವರ್ ಆಗಿದ್ದವನು. ಇಲ್ಲಿಯ ಅಕ್ಕಿ ಗಿರಣಿಗಳಿಂದ ತೌಡು, ಅಕ್ಕಿ ತುಂಬಿಕೊಂಡು ನಂಜನಗೂಡು, ಚಾಮರಾಜನಗರ ದಾಟಿ, ಹಾಸನೂರು, ದಿಂಬಂ ಘಾಟಿ ಇಳಿದು ಸತ್ಯಮಂಗಲ, ಈರೋಡು. ವಾಪಸ್ ಬರುವಾಗ ಸಿಕ್ಕ ಲೋಡು. ದಿಂಬಂ ಬಗ್ಗೆ ಗೊತ್ತಿಲ್ಲದವರಿಗೆ: 27 ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ನಂಬರ್ ಬೋರ್ಡು. ಹತ್ತೊಂಬತ್ತು ವರ್ಷ ಓಡಿಸಿದ ಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಲೇಸರ್ ಮಾಡಿಸಿದೆವು. ಹಗಲು ಪರವಾಗಿಲ್ಲ, ಸಣ್ಣ ಅಕ್ಷರ ಕಾಣುವುದಿಲ್ಲ, ರಾತ್ರಿ ಎದುರಿನ ಲೈಟು ಬಿದ್ದರೆ ಏನೂ ಕಾಣುವುದಿಲ್ಲ. ಹೆವಿ ಲೈಸೆನ್ಸ್ ರಿನೀವಲ್ ಮಾಡಿಸಲು ಅವನೇ ಹೋಗಲಿಲ್ಲ. ಈಗ ಎರಡು ವರ್ಷದಿಂದ ಗಿರಣಿಯಲ್ಲಿ ಮೂಟೆ ಎಣಿಸುವ ಕೆಲಸ. ಮನೆಯಲ್ಲಿ ಮಾತು ಕಡಿಮೆ. ನನ್ನ ಜೊತೆ ಇನ್ನೂ ಕಡಿಮೆ. ಗಣಿತ ಎರಡನೇ ಸಲ ಹೋದ ಮೇಲೆ ನಾವಿಬ್ಬರೂ ಮಾತಾಡಿದ್ದು ‘ಊಟ ಆಯ್ತಾ’, ‘ಆಯ್ತು’, ಇಷ್ಟೇ ಇರಬೇಕು.

ಒಂದು ರಾತ್ರಿ ನೀರು ಕುಡಿಯಲು ಎದ್ದವನು ಹಿಂದೆ ಬಂದು ನಿಂತಿದ್ದಾನೆ. ನನಗೆ ಗೊತ್ತಾಗಲೇ ಇಲ್ಲ. ನಾನು ಒಂದೇ ತಿರುವಿನಲ್ಲಿ ಆರನೇ ಸಲ ಬಿದ್ದಿದ್ದೆ. ಎಡಕ್ಕೆ ಮಡಚುವ ತಿರುವು, ಬಲಕ್ಕೆ ಪ್ರಪಾತ.

‘ಏನ್ಲಾ ಅದು, ಬರೀ ಬೀಳ್ತಾನೇ ಅವ್ನೆ?’

ಬೈಗುಳಕ್ಕೆ ಕಾಯುತ್ತಾ ಕೂತೆ. ಅಪ್ಪ ಚೇರ್ ಎಳೆದುಕೊಂಡು ಕೂತ. ಏಳನೇ ಸಲ ಬಿದ್ದೆ. ಎಂಟನೇ ಸಲ.

‘ತಿರುವ್ ಒಳಗೆ ಬ್ರೇಕ್ ಒತ್ತಬ್ಯಾಡ ಕಣ್ಲಾ. ಮುಂಚೇನೇ ಒತ್ತು. ತಿರುಗಾ ಹೊತ್ಗೆ ಬುಟ್ಬುಡು.’

ಹಾಗೇ ಮಾಡಿದೆ. ಸೈಕಲ್ ದಾರ ಎಳೆದ ಹಾಗೆ ತಿರುವು ದಾಟಿತು.

ನಾನು ಇದನ್ನು ಓದಿದ್ದೇನೆ, ಮಜವೆಂದರೆ ಪರೀಕ್ಷೆಯಲ್ಲೂ ಬರೆದಿದ್ದೇನೆ. ನೆಲದ ಮೇಲೆ ಟಯರಿಗೆ ಇರುವ ಹಿಡಿತ ತಿಂಗಳ ಸಂಬಳದ ಹಾಗೆ, ಇರುವುದು ಇಷ್ಟೇ. ಬ್ರೇಕಿಗೆ ಖರ್ಚು ಮಾಡಿದಷ್ಟೂ ತಿರುಗಲು ಉಳಿಯುವುದು ಕಡಿಮೆ. ಎರಡಕ್ಕೂ ಒಟ್ಟಿಗೆ ಕೈ ಹಾಕಿದರೆ ಟಯರ್ ಜಾರುತ್ತದೆ. ವೃತ್ತ ಬರೆದು, ಬಾಣ ಹಾಕಿ, ಆರು ಮಾರ್ಕ್ಸ್ ತೆಗೆದುಕೊಂಡಿದ್ದೆ. ಕೈಗೆ ಕಂಟ್ರೋಲರ್ ಬಂದಾಗ ಆ ವೃತ್ತ ನೆನಪಾಗಿರಲಿಲ್ಲ.

ಮರುರಾತ್ರಿ ಅಪ್ಪ ತಾನೇ ಬಂದು ಕೂತ. ಅದರ ಮರುರಾತ್ರಿಯೂ. ಬೆಳಿಗ್ಗೆ ನಾನು ಎರಡು ಗಂಟೆ ಗಣಿತ ಬಿಡಿಸಿದರೆ ರಾತ್ರಿ ಒಂದು ಗಂಟೆ ಬೆಟ್ಟ, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹಾಗೊಂದು ಒಪ್ಪಂದವಾದಂತಿತ್ತು. ಅಪ್ಪನಿಗೆ ಪರದೆಯ ಮೂಲೆಯಲ್ಲಿನ ಅಂಕಿಗಳು ಕಾಣುತ್ತಿರಲಿಲ್ಲ. ದಾರಿ ಮಾತ್ರ ನನಗಿಂತ ಮುಂಚೆ ಕಾಣುತ್ತಿತ್ತು. ‘ಚಕ್ರ ನೋಡ್ಬ್ಯಾಡ, ಮುಂದ್ಲ ತಿರುವ್ ನೋಡು’ ಅನ್ನುತ್ತಿದ್ದ. ಮರುಭೂಮಿಯ ಬೆಟ್ಟ ಬಂದಾಗ ‘ಇದೇನು ತಲಕಾಡಾ?’ ಎಂದು ನಕ್ಕ. ಎಷ್ಟೋ ದಿನದ ಮೇಲೆ ಅಪ್ಪ ನಕ್ಕದ್ದು ಕೇಳಿ ಅಮ್ಮ ಒಳಗಿನಿಂದ ಎದ್ದು ಬಂದು ನೋಡಿ ಹೋದಳು.

ನಾಲ್ಕನೇ ರಾತ್ರಿ ಕಂಟ್ರೋಲರ್ ಕೊಡು ಎಂದ. ಸ್ಟೇರಿಂಗ್ ಹಿಡಿದ ಕೈಯಲ್ಲಿ ಅದು ಬಿಸ್ಕೆಟ್ ಪ್ಯಾಕೆಟ್ ಹಾಗೆ ಕಾಣುತ್ತಿತ್ತು. ಯಾವ ಬಟನ್ ಬ್ರೇಕ್, ಯಾವುದು ತುಳಿಯುವುದು, ತೋರಿಸಿದೆ. ಹೊರಟ. ಮೊದಲ ಮರಕ್ಕೇ ಹೊಡೆದ. ಮತ್ತೆ ಹೊರಟ, ಅದೇ ಮರ. ಮೂರನೇ ಸಲ ಮರ ತಪ್ಪಿಸಿ ಬಂಡೆಯ ಮೇಲಿಂದ ಹಾರಿ ಕೆಳಗೆ ಬಿದ್ದ. ಕಂಟ್ರೋಲರ್ ವಾಪಸ್ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

‘ಇದ್ಕೆ ಭಾರಾನೇ ಇಲ್ವಲ್ಲಾ.’

ನನಗೆ ಅರ್ಥವಾಗಲಿಲ್ಲ. ಹಿಂದಿನಿಂದ ತಳ್ಳುವ ಲೋಡು ಇಲ್ಲ ಎಂದು ಅವನ ಮಾತು. ಘಾಟಿ ಇಳಿಯುವಾಗ ಎದುರಿನ ತಿರುವಿಗಿಂತ ಬೆನ್ನ ಹಿಂದಿರುವುದರ ಕಡೆಗೇ ಹೆಚ್ಚು ಗಮನ ಇರಬೇಕಂತೆ. ಅದು ಮೈಗೇ ಗೊತ್ತಾಗುತ್ತದಂತೆ. ಹಳೇ ಡ್ರೈವರ್‌ಗಳ ಒಂದು ಸೂತ್ರವನ್ನೂ ಹೇಳಿದ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ.

ಮಾರನೇ ದಿನ ನಾನು ಕುತೂಹಲಕ್ಕೆ ಲೆಕ್ಕ ಹಾಕಿದೆ. ಸೈಕಲ್ ಮತ್ತು ಸವಾರ ಸೇರಿ 75 ಕಿಲೋ ಇದ್ದು 100 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದೇ ಇಳಿದರೆ, ಆ ಬ್ರೇಕಿನಲ್ಲಿ ಹುಟ್ಟುವ ಶಾಖಕ್ಕೆ ಸುಮಾರು ಕಾಲು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಒಂದು ದೊಡ್ಡ ಲೋಟ ಕಾಫಿಯ ನೀರು. ಅದೇ 100 ಮೀಟರನ್ನು 15 ಟನ್ನಿನ ಲಾರಿ ಇಳಿದರೆ 50 ಲೀಟರ್. ಒಂದು ಹಂಡೆ. ದಿಂಬಂ ಅಂತೂ 100 ಮೀಟರಿಗೆ ಮುಗಿಯುವ ಘಾಟಿಯಲ್ಲ. ಬ್ರೇಕ್ ಡ್ರಮ್ಮು ಒಂದು ಮಟ್ಟಕ್ಕಿಂತ ಹೆಚ್ಚು ಕಾದರೆ ಲೈನಿಂಗ್ ಹಿಡಿಯುವುದನ್ನೇ ಬಿಡುತ್ತದೆ. ಸಣ್ಣ ಗೇರಿನಲ್ಲಿದ್ದರೆ ಚಕ್ರ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಎಂಜಿನ್ ತಡೆಯುತ್ತದೆ, ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಈ ಲೆಕ್ಕವನ್ನು ಅಪ್ಪನಿಗೆ ಹೇಳಿದೆ. ಹಂಡೆ ಎಂಬ ಮಾತಿಗೆ ತಲೆಯಾಡಿಸಿದ. ಆಮೇಲೆ ಟಿವಿ ಕಡೆ ನೋಡುತ್ತಲೇ ಕೇಳಿದ.

‘ನೀನು ಆರ್ನೇ ಕ್ಲಾಸಲ್ಲಿ ನಂಜನಗೂಡು ದೊಡ್ಡ ಜಾತ್ರೆಗೆ ಹೋಗ್ಬೇಕು ಅಂತ ಅತ್ತಿದ್ದೆ, ಗ್ಯಾನ ಐತಾ?’

ನೆನಪಿಲ್ಲದೆ ಏನು? ಐದು ತೇರು ಒಂದೇ ದಿನ ಎಳೆಯುವ ಜಾತ್ರೆ. ಗೌತಮ ರಥದ ಚಕ್ರ ನನಗಿಂತ ಎತ್ತರ ಇದೆ ಎಂದು ಕ್ಲಾಸಿನ ಹುಡುಗರು ಹೇಳಿದ್ದರು. ಲೋಡ್ ಇಳಿಸಿ ಹಿಂದಿನ ರಾತ್ರಿಗೆ ಬಂದುಬಿಡುತ್ತೇನೆ, ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಅಪ್ಪ ಬಂದದ್ದು ಎರಡು ದಿನ ಬಿಟ್ಟು. ಹೊಸ ಶರ್ಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೆ. ಆಕ್ಸಲ್ ಕಟ್ಟಾಯಿತು ಎಂದಿದ್ದ. ನಾನು ಒಂದು ವಾರ ಮಾತಾಡಿರಲಿಲ್ಲ. ಮನಸ್ಸಿನಲ್ಲಿ ಬಹಳ ವರ್ಷ ಇಟ್ಟುಕೊಂಡಿದ್ದೆ ಎಂದೂ ಹೇಳಬೇಕು.

‘ಆಕ್ಸಲ್ ಕಟ್ಟಾಗಿರ್ಲಿಲ್ಲ ಕಣಪ್ಪ.’

ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿಬಿಟ್ಟಿದ್ದನಂತೆ. ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಲೆಕ್ಕ ಕೊಟ್ಟಿರುತ್ತಾರೆ, ಉಳಿಸಿದರೆ ಆ ಕಾಸು ಡ್ರೈವರ್‌ಗೆ. ಜಾತ್ರೆ ಖರ್ಚಿಗೆ ಇರಲಿ ಎಂದು. ಬರೀ ಬ್ರೇಕ್ ಮೇಲೆ ಐದಾರು ತಿರುವು ಇಳಿದದ್ದಾಯಿತು. ಸುಟ್ಟ ವಾಸನೆ ಬಂತು. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಲಾರಿ ಕೇಳಲಿಲ್ಲ. ಗೇರಿಗೆ ಹಾಕಲು ಹೋದರೆ ಆ ವೇಗಕ್ಕೆ ಗೇರು ಕೂರಲಿಲ್ಲ. ಕ್ಲೀನರ್ ಹುಡುಗನಿಗೆ ‘ಹಾರು’ ಎಂದು ಕೂಗಿದ, ಅವನು ಹಾರಲಿಲ್ಲ, ಹೆದರಿ ಸೀಟು ಹಿಡಿದುಕೊಂಡು ಕೂತ. ಅಪ್ಪ ಬೆಟ್ಟದ ಕಡೆಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ, ಲಾರಿಯ ಪಕ್ಕೆಯನ್ನು ಬಂಡೆಗೆ ಉಜ್ಜಿಸುತ್ತಾ ನಿಲ್ಲಿಸಿದ. ನಿಂತಾಗ ಮುಂದಿನ ತಿರುವಿನ ಬೋರ್ಡು ಲೈಟಿಗೆ ಕಾಣುತ್ತಿತ್ತಂತೆ. ಯಾವ ನಂಬರ್ ಎಂದು ಕೇಳಿದೆ. ‘ಅದ್ನ ಯಾಕೆ ಕೇಳೀಯ’ ಎಂದ.

ಬಾಡಿ ರಿಪೇರಿಯ ದುಡ್ಡನ್ನು ಎಂಟು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರಂತೆ. ‘ತಪ್ಪು ನಂದೇ, ಹಿಡೀದೆ ಇನ್ನೇನು ಮಾಡಾರು’ ಎಂದ. ಅಮ್ಮನಿಗೂ ಹೇಳಿರಲಿಲ್ಲ. ಮಾರನೇ ವಾರ ಅದೇ ಘಾಟಿಗೆ ಮತ್ತೆ ಹೋಗಿದ್ದಾನೆ. ಆಮೇಲೂ ಆರು ವರ್ಷ ಹೋಗಿದ್ದಾನೆ.

ನಾನು ಮೆಕ್ಯಾನಿಕಲ್ ಓದುವವನಾದ್ದರಿಂದ ಒಂದು ವಿಷಯ ನನಗೆ ಗೊತ್ತು. ಕಡಿದಾದ ಇಳಿಜಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಎಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇರಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಅಂದರೆ ಆ ರಾತ್ರಿ ಆ ಘಾಟಿಯಲ್ಲಿ ಅಪ್ಪ ಒಂದು ಹನಿಯನ್ನೂ ಉಳಿಸಿರಲಿಲ್ಲ. ಇದನ್ನು ಅವನಿಗೆ ಹೇಳಿಲ್ಲ. ಮನೆಯಲ್ಲಿ ಅಪ್ಪನಿಗೆ ಪೇಪರ್ ಓದಿ ಹೇಳುವವನು ನಾನೇ. ಇದು ಅಚ್ಚಾದರೆ ಈ ಒಂದು ಪ್ಯಾರಾ ಹಾರಿಸಿ ಓದುತ್ತೇನೆ.

ಆವತ್ತು ಅಪ್ಪ ಮಲಗಲು ಹೋದ ಮೇಲೆ ನಾನು ಆಟ ಮುಂದುವರಿಸಿದೆ. ಬೀಳುವುದು ಯಾಕೋ ಮೊದಲಿನಷ್ಟು ಹಗುರಾಗಿರಲಿಲ್ಲ. ಬಿದ್ದ ತಕ್ಷಣ ಎದ್ದು ನಿಲ್ಲುವ ಆ ಪುಟ್ಟ ಮನುಷ್ಯನನ್ನು ನೋಡಿ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ. ಎರಡು ದಿನ ಗೇಮ್ ಮುಟ್ಟಲಿಲ್ಲ. ಮೂರನೇ ದಿನ ಅಪ್ಪನೇ ಬಂದು, ‘ಯಾಕ್ಲಾ, ಬೆಟ್ಟ ಸಾಕಾಯ್ತಾ?’ ಎಂದು ಟಿವಿ ಹಾಕಿದ.

ಪರೀಕ್ಷೆ ಬರೆದು ಬಂದಿದ್ದೇನೆ. ಈ ಸಲ ಎಲ್ಲಾ ಪ್ರಶ್ನೆಗಳನ್ನೂ ಮುಟ್ಟಿದ್ದೇನೆ, ರಿಸಲ್ಟ್ ಬಂದಿಲ್ಲ. ಬರೆದು ಬಂದ ರಾತ್ರಿ ಅಪ್ಪ ಪಕ್ಕದಲ್ಲಿ ಕೂತಿರುವಾಗಲೇ, ಗೆಳೆಯ ತಿಂಗಳಿನಿಂದ ಮೆರೆಯುತ್ತಿದ್ದ ದಾರಿಯಲ್ಲಿ ಅವನ ಸಮಯವನ್ನು ಮುರಿದೆ. ಒಂದೂ ಸಲ ಬೀಳದೆ, ಮೂರು ಸೆಕೆಂಡ್ ಕಡಿಮೆ. ಸ್ಕ್ರೀನ್‌ಶಾಟ್ ಕಳಿಸಿದೆ. ನಂಜನಗೂಡಿನಿಂದ ತಕ್ಷಣ ಫೋನ್ ಬಂತು.

‘ಹೆಂಗೋ ಮಾಡ್ದೆ? ಆ ಮೂರ್ನೇ ತಿರುವಲ್ಲಿ ಯಾವ ಅಡ್ಡದಾರಿ ಹಿಡ್ದೆ?’

‘ಅಡ್ಡದಾರಿ ಏನೂ ಇಲ್ಲ. ನಮ್ಮಪ್ಪ ಹೇಳ್ಕೊಟ್ಟಿದ್ದು. ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಲೋ, ಆ ಗೇಮಲ್ಲಿ ಗೇರೇ ಇಲ್ವಲ್ಲೋ!’